ನೀರು ತರುವವರ ಅಭಿಮಾನಿ ಸಂಘ

ನಮ್ಮ ಮನೆಯಲ್ಲೊಂದು ಅಭಿಮಾನಿ ಸಂಘವಿದೆ. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ, ಸದಸ್ಯರು ಎಲ್ಲ ಸೇರಿ ಅದರಲ್ಲಿರುವುದು ಒಬ್ಬಳೇ. ಅವಳು ನನ್ನ ಅಕ್ಕನ ಮಗಳು. ಪ್ರಪಂಚವೆಲ್ಲ ನಾಯಕನಿಗೆ ಜೈ ಅಂದರೆ ಇವಳು ನಾಯಕನ ಹಿಂದೆ ಛತ್ರಿ ಹಿಡಿದು ನಿಂತವನಿಗೆ ಜೈ ಅನ್ನುತ್ತಾಳೆ. ಯಾರಿಗೂ ಬೇಡದ ತರಕಾರಿಯನ್ನೇ ಹುಡುಕಿ ತಿನ್ನುವ ಮೇಕೆಯಂತೆ, ಯಾರೂ ನೋಡದವರನ್ನೇ ಹುಡುಕಿ ಅಭಿಮಾನಿಸುವ ಜೀವ!

"ನನ್ನ ಹೆಸರು ಬರೆದ್ರೆ ನಿನ್ನ ಸ್ಕೂಟರ್ ಗಾಳಿ ಬಿಡ್ತೀನಿ ಮಾಮ" ಎಂದಿದ್ದಾಳೆ. ನನಗೆ ಬೆಳಗಾದರೆ ರೈಲು ಹಿಡಿಯುವ ಅವಸರ. ಮನೆಯಿಂದ ಮಾಲೂರು ಸ್ಟೇಷನ್ನಿನ ತನಕ ಆ ಸ್ಕೂಟರೇ ಗತಿ. ಹಾಗಾಗಿ ಅಧ್ಯಕ್ಷೆ ಎಂದೇ ಕರೆಯುತ್ತೇನೆ, ಕ್ಷಮಿಸಿ.

ಅಕ್ಕ ಭಾವ ಟೇಕಲ್ಲಿನಲ್ಲಿ ಟೊಮೆಟೊ ಬೆಳೆಯುತ್ತಾರೆ. ಹೈಸ್ಕೂಲಿಗೆಂದು ಅಧ್ಯಕ್ಷೆಯನ್ನು ಮಾಲೂರಿನಲ್ಲಿ ನಮ್ಮ ಮನೆಗೆ ಕಳಿಸಿದರು. ಬರುವಾಗ ಒಂದು ಟ್ರಂಕು, ಒಂದು ಕ್ರೇಟು ಟೊಮೆಟೊ, ಜೊತೆಗೆ ಈ ಹುಚ್ಚು. ಟೊಮೆಟೊ ವಾರಕ್ಕೆ ಮುಗಿಯಿತು.

ಟಿ.ವಿ.ಯಲ್ಲಿ ಕ್ರಿಕೆಟ್ ಬಂದಾಗ ನೀವು ನೋಡಬೇಕು. ಬೀದಿಯೆಲ್ಲ ಸಿಕ್ಸರಿಗೆ ಕುಣಿಯುತ್ತಿರುವಾಗ ಈ ಮಹಾತಾಯಿ ಕಾಲು ಚಾಚಿಕೊಂಡು ಉಗುರು ಕತ್ತರಿಸುತ್ತಿರುತ್ತಾಳೆ. ನಡುವೆ ಆಟ ನಿಂತಾಗ ಒಬ್ಬ ಹುಡುಗ ನೀರಿನ ಬಾಟಲಿಗಳನ್ನು ಎತ್ತಿಕೊಂಡು ಮೈದಾನಕ್ಕೆ ಓಡಿ ಬರುತ್ತಾನಲ್ಲ? ಆಗ ಎದ್ದು ನಿಲ್ಲುತ್ತಾಳೆ! ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ! ಮೊದಲ ಸಲ ಆ ಸಿಳ್ಳೆಗೆ ನನ್ನ ಕೈಯಲ್ಲಿದ್ದ ಕಾಫಿ ಲೋಟ ನನ್ನ ಮಡಿಲಿಗೇ ಬಂದಿತ್ತು.

ನನ್ನ ಅಮ್ಮ, ಅಂದರೆ ಅವಳ ಅಜ್ಜಿ, ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. ಅಮ್ಮ ಶ್ರೀನಿವಾಸಪುರದ ಕಡೆಯವಳು. ಅವಳಿಗೆ ಪ್ರೀತಿ ಕನ್ನಡದಲ್ಲಿ ಬರುತ್ತದೆ, ಕೋಪ ತೆಲುಗಿನಲ್ಲಿ ಶುರುವಾಗುತ್ತದೆ.

"ಏಮೇ ಪಿಲ್ಲಾ! ಹೆಣ್ಣುಹುಡ್ಗಿ ಸಿಳ್ಳೆ ಹೊಡೆದ್ರೆ ಮನೆಗೆ ಹಾವು ಬರ್ತದೆ ಕಣೇ!"

"ಬರ್ಲಿ ಬಿಡಜ್ಜಿ. ಹಾವಿಗೂ ಮ್ಯಾಚ್ ನೋಡೋ ಆಸೆ ಇರಲ್ವಾ?"

"ಯಾವನೇ ಅವನು, ಅಷ್ಟು ಸಿಳ್ಳೆ ಹೊಡಿಯೋಕೆ?"

"ನೀರು ತರೋನಜ್ಜಿ. ಇನ್ನೂ ಆಡ್ಸಿಲ್ಲ ಅವನನ್ನ. ಆದ್ರೆ ಹೆಂಗೆ ಓಡ್ದ ನೋಡ್ದಾ? ಒಂದ್ ತೊಟ್ಟು ಚೆಲ್ಲಲಿಲ್ಲ!"

"ಅಯ್ಯೋ ದೇವುಡಾ! ನೀರು ಹೊತ್ತಿದ್ದಕ್ಕೆ ಸಿಳ್ಳೆನಾ? ಮದ್ವೆಯಾಗಿ ಬಂದ ದಿನದಿಂದ ನಾನು ತಲೆ ಮೇಲೊಂದು, ಸೊಂಟದ ಮೇಲೊಂದು ಬಿಂದಿಗೆ ಹೊತ್ತೆನಲ್ಲ, ನಂಗ್ಯಾರು ಸಿಳ್ಳೆ ಹೊಡೆದ್ರು?"

ಹೊಡೆದಿದ್ದರೆ ನಮ್ಮಪ್ಪ ಸುಮ್ಮನಿರುತ್ತಿದ್ದರೇ ಎಂಬುದು ಬೇರೆ ಮಾತು. ಮರುದಿನ ಬೆಳಿಗ್ಗೆ ಬೀದಿ ನಲ್ಲಿಯಿಂದ ಅಮ್ಮ ಕುಡಿಯುವ ನೀರಿನ ಬಿಂದಿಗೆ ಹೊತ್ತು ಗೇಟಿನೊಳಗೆ ಕಾಲಿಟ್ಟಳೋ ಇಲ್ಲವೋ, ಮಾಳಿಗೆ ಮೇಲಿಂದ ಬಂತು ನೋಡಿ ಸಿಳ್ಳೆ! ಚಪ್ಪಾಳೆ ಬೇರೆ! "ಅಜ್ಜಿಗೆ ಜೈ! ಒಂದ್ ತೊಟ್ಟು ಚೆಲ್ಲಲಿಲ್ಲ!" ಅಮ್ಮ ತೆಲುಗಿನಲ್ಲಿ ಬೈದಳು, ಬೀದಿಗೆಲ್ಲ ಕೇಳುವ ಹಾಗೆ ಬೈದಳು. ಬೈದು ಮುಗಿಸಿ, ಆಗಲೇ ತುಂಬಿದ್ದ ನೀರಿನ ಡ್ರಮ್ಮನ್ನು ಒಮ್ಮೆ ನೋಡಿ, ಖಾಲಿ ಬಿಂದಿಗೆ ಎತ್ತಿಕೊಂಡು ಇನ್ನೊಂದು ಸಲ ನಲ್ಲಿಗೆ ಹೊರಟಳು.

ನಾನೂ ಈ ಸಂಘದ ಕೃಪೆಗೆ ಪಾತ್ರನಾದವನೇ. ನಮ್ಮ ರೈಲಿನ ಬೋಗಿಯಲ್ಲಿ ಒಂದು ಭಜನೆ ಗುಂಪಿದೆ. ಅದರಲ್ಲಿ ನಾನು ಕಿಟಕಿ ಪಕ್ಕ ತಾಳ ಹಾಕುವವನು. ತಾಳ ತಪ್ಪಿದರೂ ರೈಲಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ ಎಂಬ ಧೈರ್ಯದಿಂದ ನನಗೆ ಆ ಕೆಲಸ ಕೊಟ್ಟಿದ್ದಾರೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ ನಮ್ಮ ಭಜನೆಯನ್ನು ಮನೆಯಲ್ಲಿ ಹಾಕಿದೆ. ಅಧ್ಯಕ್ಷೆ ಕಣ್ಣು ಮುಚ್ಚಿ ಕೊನೆತನಕ ಕೇಳಿ, "ಸೂಪರ್ ಮಾಮ! ನಿನ್ನ ತಾಳ ಒಂಚೂರೂ ಕೇಳಿಸ್ಲಿಲ್ಲ!" ಎಂದಳು. ಇದು ಹೊಗಳಿಕೆಯೋ ತೆಗಳಿಕೆಯೋ, ಮರುದಿನ ರೈಲು ಬಂಗಾರಪೇಟೆ ದಾಟುವ ತನಕ ಯೋಚಿಸಿದರೂ ನನಗೆ ಬಗೆಹರಿಯಲಿಲ್ಲ.

ಸಿನಿಮಾಕ್ಕೆ ಕರೆದುಕೊಂಡು ಹೋದದ್ದನ್ನು ಹೇಳದಿದ್ದರೆ ಪಾಪ ಬರುತ್ತದೆ. ಕೋಲಾರದಲ್ಲಿ ದೊಡ್ಡ ನಟನ ಪಿಕ್ಚರ್, ಮೊದಲ ದಿನ. ಹೀರೊ ಬಂದ ತಕ್ಷಣ ಥಿಯೇಟರಿನಲ್ಲಿ ಪೇಪರ್ ಚೂರುಗಳ ಮಳೆ. ಅಧ್ಯಕ್ಷೆಯ ಮಡಿಲಲ್ಲೂ ಒಂದು ಚೀಲ ಚೂರು. ಬೆಳಗಿನಿಂದ ಕೂತು ಹರಿದದ್ದು. ಆದರೆ ಕೈ ಅಲ್ಲಾಡಲಿಲ್ಲ! "ಎಸಿಯೇ" ಎಂದೆ. "ಇರು ಮಾಮ, ನಮ್ಮೋರು ಇನ್ನೂ ಬಂದಿಲ್ಲ." ಹಾಡು ಶುರುವಾಯಿತು. ಹೀರೊ ಹಿಂದೆ ಒಂದು ದಂಡು ಕುಣಿಯುತ್ತಿತ್ತು. ಇವಳು ತಟ್ಟನೆ ಎದ್ದು ಇಡೀ ಚೀಲವನ್ನು ಎತ್ತಿ ಸುರಿದಳು. ಬಿದ್ದದ್ದು ಪೂರ್ತಿ ಮುಂದಿನ ಸೀಟಿನವರ ತಲೆಯ ಮೇಲೆ, ಸ್ವಲ್ಪ ಅವರ ಪಾಪ್‌ಕಾರ್ನಿನಲ್ಲಿ.

"ಯಾರಿಗಮ್ಮಾ ಇದು? ಹೀರೊ ಬಂದು ಅರ್ಧ ಗಂಟೆ ಆಯ್ತು!" ಎಂದು ಅವರು ತಿರುಗಿದರು.

"ಹೀರೊಗಲ್ಲ ಅಂಕಲ್. ಆ ಹಸಿರು ಲಂಗದ ಅಕ್ಕಂಗೆ. ಹೋದ ಪಿಕ್ಚರಲ್ಲಿ ಕೊನೇ ಸಾಲಲ್ಲಿದ್ಲು, ಈಗ ಎರಡನೇ ಸಾಲಿಗೆ ಬಂದವಳೆ!"

ಆ ಮನುಷ್ಯ ಬೈಯುತ್ತಾನೆ ಎಂದು ನಾನು ಚಪ್ಪಲಿ ಹುಡುಕುತ್ತಿದ್ದೆ. ಅವನು ತೆರೆಯ ಕಡೆ ತಿರುಗಿ, ಕತ್ತು ಉದ್ದ ಮಾಡಿ, "ಯಾವ ಹಸಿರು? ಎಡಗಡೆದಾ?" ಎಂದ. ಇಂಟರ್ವಲ್ಲಿನಲ್ಲಿ ಅವನ ಹೆಂಡತಿಯೂ ಅವನನ್ನು "ಯಾವ ಹಸಿರು?" ಎಂದು ಕೇಳಿದಳು, ಬೇರೆ ಧ್ವನಿಯಲ್ಲಿ.

ಇನ್ನು ನಮ್ಮ ಬಸ್ ಸ್ಟ್ಯಾಂಡಿನ ಫ್ಲೆಕ್ಸುಗಳು. ಯಾರದೋ ಹುಟ್ಟುಹಬ್ಬ, ನಡುವೆ ಮುಖಂಡರ ಆಳೆತ್ತರದ ಫೋಟೊ, ಕೆಳಗೆ 'ಶುಭ ಕೋರುವವರು' ಎಂದು ಸ್ಟಾಂಪಿನಷ್ಟು ಸಣ್ಣ ಮುಖಗಳ ಸಾಲು. ಮುಖಂಡರನ್ನು ನಾವು ನೋಡುತ್ತೇವೆ, ಇವಳು ಕೆಳಗಿನ ಸಾಲನ್ನು ಹಾಜರಿ ತೆಗೆದುಕೊಳ್ಳುವ ಟೀಚರಿನಂತೆ ನೋಡುತ್ತಾಳೆ. ಒಂದು ದಿನ ಬೇಕರಿಯಲ್ಲಿ ಬನ್ ತಿನ್ನುತ್ತ ನಿಂತಿದ್ದವರೊಬ್ಬರ ಮುಂದೆ ಹೋಗಿ ಪೆನ್ನು ಚಾಚಿಯೇಬಿಟ್ಟಳು.

"ಅಂಕಲ್, ಒಂದು ಆಟೋಗ್ರಾಫ್."

"ನಂದಾ? ನಾನು ಯಾರು ಅಂತ ಗೊತ್ತೇನಮ್ಮ ನಿಂಗೆ?"

"ಗೊತ್ತು ಅಂಕಲ್. ಫ್ಲೆಕ್ಸಲ್ಲಿ ಬಲಗಡೆ ಕೊನೆ. ಅರ್ಧ ಮುಖ ಕಟ್ ಆಗಿ ಒಂದು ಕಿವಿ, ಒಂದು ಮೀಸೆ ಇದೆಯಲ್ಲ, ಅದು ನೀವೇ."

ಅವರು ಬನ್ ಕೆಳಗಿಟ್ಟು, ಕೈ ಒರೆಸಿಕೊಂಡು, ಬೇಕರಿ ಪೇಪರಿನ ಮೇಲೆ ದೊಡ್ಡದಾಗಿ ಸಹಿ ಮಾಡಿದರು. ನಮಗಿಬ್ಬರಿಗೂ ಎಗ್ ಪಫ್ಸ್ ಕೊಡಿಸಿದರು. ಈಗಲೂ ನನ್ನನ್ನು ಕಂಡರೆ, "ಮಗು ಚೆನ್ನಾಗಿ ಓದ್ತಾ ಇದ್ಯಾ ಸಾರ್?" ಎನ್ನುತ್ತಾರೆ. ಊರಲ್ಲಿ ನನಗೆ ಇಷ್ಟು ಬೆಲೆ ತಂದುಕೊಟ್ಟವರು ಬೇರೆ ಯಾರಿದ್ದಾರೆ?

ಮಗು ಹೇಗೆ ಓದುತ್ತಿತ್ತು ಎಂಬುದು ಶಾಲೆಯಿಂದ ಕರೆ ಬಂದಾಗ ತಿಳಿಯಿತು. 'ನನ್ನ ಮೆಚ್ಚಿನ ವಿಜ್ಞಾನಿ' ಎಂಬ ಪ್ರಬಂಧಕ್ಕೆ ಅಧ್ಯಕ್ಷೆ ವಿಜ್ಞಾನಿಯನ್ನು ಬಿಟ್ಟು, ಅವರ ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆ ತೊಳೆಯುತ್ತಿದ್ದಿರಬಹುದಾದವನ ಬಗ್ಗೆ ಮೂರು ಪುಟ ತುಂಬಿಸಿದ್ದಳು!

"ಅವನ ಹೆಸರೇ ಇಲ್ಲ ಸರ್, ಹೆಂಗೆ ಮಾರ್ಕ್ಸ್ ಕೊಡ್ಲಿ?" ಎಂದರು ವಿಜ್ಞಾನದ ಮೇಡಂ.

"ತೊಳೀದೆ ಇದ್ದಿದ್ರೆ ಪ್ರಯೋಗ ಹೆಂಗಾಗ್ತಿತ್ತು ಮೇಡಂ?" ಎಂದಳು ಇವಳು, ವಿನಯವಾಗಿಯೇ. ಮೇಡಂ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ನಕ್ಷೆ ನೋಡಿದೆ.

ಹೊರಗೆ ಬಂದಾಗ ಪಿ.ಟಿ. ಮೇಷ್ಟ್ರು ಸಿಕ್ಕಿದರು. ಹೇಳಲು ಮರೆತೆ, ಅಧ್ಯಕ್ಷೆ ಎರಡು ವರ್ಷದಿಂದ ಶಾಲೆಯ ಖೋ-ಖೋ ತಂಡದಲ್ಲಿದ್ದಾಳೆ. ಬೆನ್ನಿನ ಮೇಲೆ ಹನ್ನೆರಡು ಎಂದು ಬರೆದ ಹಳದಿ ಜರ್ಸಿ. ಆ ಜರ್ಸಿಯನ್ನು ಅಮ್ಮ ಹಿತ್ತಿಲ ಹಗ್ಗ ಬಿಟ್ಟು ಬೀದಿಯ ಕಡೆಯ ಹಗ್ಗದಲ್ಲೇ ಒಣಗಿಸುವುದು. "ನಮ್ಮ ಹುಡ್ಗಿ ಓಡಿದ್ರೆ ಜಿಂಕೆನೂ ನಿಂತು ನೋಡ್ಬೇಕು" ಎಂದು ಎದುರುಮನೆಯಾಕೆಗೆ ಹೇಳುವುದು. ಮುಂದಿನ ವಾರ ಮಾಲೂರಿನಲ್ಲೇ ತಾಲ್ಲೂಕು ಮಟ್ಟದ ಪಂದ್ಯ. ಅಮ್ಮ ಆಗಲೇ ಸೀರೆ ಇಸ್ತ್ರಿ ಮಾಡಿಸಿಟ್ಟಿದ್ದಳು.

"ಹೇಗೆ ಆಡ್ತಾಳೆ ಸರ್ ನಮ್ಮ ಹುಡುಗಿ?" ಎಂದು ಎದೆಯುಬ್ಬಿಸಿ ಕೇಳಿದೆ.

ಮೇಷ್ಟ್ರು ತಲೆ ಕೆರೆದುಕೊಂಡರು. "ಆಡಿಲ್ಲ ಸರ್ ಇನ್ನೂ. ಎಕ್ಸ್ಟ್ರಾ ಪ್ಲೇಯರ್ ಅವಳು. ಆದ್ರೆ ಪಂದ್ಯ ಅಂದ್ರೆ ಎಲ್ಲರಿಗಿಂತ ಮುಂಚೆ ಬರ್ತಾಳೆ. ಸುಣ್ಣದ ಗೆರೆ ಹಾಕೋದು, ಹುಡುಗೀರಿಗೆ ನೀರು ಕೊಡೋದು, ಎಲ್ಲ ಅವಳೇ."

ಅಧ್ಯಕ್ಷೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಇಟ್ಟಿಗೆ ಲಾರಿಯೊಂದು ದೂಳೆಬ್ಬಿಸಿ ಮುಂದೆ ಹೋದ ಮೇಲೆ ನಾನೇ ಕೇಳಿದೆ. "ಎಕ್ಸ್ಟ್ರಾ ಅಂತೆ?"

"ಎಕ್ಸ್ಟ್ರಾ ಅಂದ್ರೆ ಏನ್ ಅಂದ್ಕೊಂಡೆ? ಹೋಟ್ಲಲ್ಲಿ ನೀನು ಎಕ್ಸ್ಟ್ರಾ ಚಟ್ನಿ ಕೇಳ್ತೀಯಲ್ಲ, ಹಂಗೆ. ಅದಿಲ್ದೆ ದೋಸೆ ಇಳಿಯುತ್ತಾ ನಿಂಗೆ?"

ನಾನು ನಕ್ಕೆ. ಅವಳು ನಗಲಿಲ್ಲ. ನನ್ನ ಶರ್ಟಿನ ಬೆನ್ನು ಹಿಡಿದು ಮೆಲ್ಲಗೆ, "ಅಜ್ಜಿಗೆ ಹೇಳ್ಬೇಡ ಮಾಮ. ಬೀದಿಗೆಲ್ಲ ಹೇಳ್ಕೊಂಡವಳೆ. ಪಂದ್ಯಕ್ಕೆ ಮಾತ್ರ ಕರ್ಕೊಂಡ್ ಬರ್ಬೇಡ. ಅವಳ ಮುಂದೆ ಬಾಟ್ಲು ಹಿಡ್ಕೊಂಡ್ ಓಡೋಕೆ ನಂಗಾಗಲ್ಲ" ಎಂದಳು.

ಊರಲ್ಲಿರುವ ನೀರು ತರುವವರಿಗೆಲ್ಲ ಸಿಳ್ಳೆ ಹೊಡೆದ ಹುಡುಗಿಯ ಮಾತು ಇದು!

ಬರಬೇಡ ಎಂದರೆ ನಮ್ಮಮ್ಮ ಕೇಳುವವಳೇ? ಕಾಲು ನೋವು ಎಂದು ನೆನಪಿಸಿದೆ, ಬಿಸಿಲು ಎಂದೆ, ಪಂದ್ಯ ಮುಂದಕ್ಕೆ ಹೋಗಿದೆ ಎಂದೂ ಹೇಳಿದೆ. ಆ ದಿನ ಅಮ್ಮ ಇಸ್ತ್ರಿ ಸೀರೆ ಉಟ್ಟು ಸ್ಕೂಟರಿನ ಹಿಂದೆ ಕೂತೇ ಇದ್ದಳು. ಟೇಕಲ್ಲಿನಿಂದ ಅಕ್ಕನೂ ನೇರ ಮೈದಾನಕ್ಕೆ ಬಂದಿಳಿದಳು. ಅವಳ ಕೈಯಲ್ಲೊಂದು ಹಾರ. ಹೂವಿನದಲ್ಲ ಮಾರಾಯರೇ, ಟೊಮೆಟೊ ಹಾರ! "ದೊಡ್ಡೋರಿಗೆ ಸೇಬಿನ ಹಾರ ಹಾಕಲ್ವೇನೋ? ನಮ್ಮ ತೋಟದಲ್ಲಿ ಸೇಬು ಬಿಡುತ್ತಾ?" ಎಂದಳು.

ಇಬ್ಬರಿಗೂ ಈಗಲೇ ಹೇಳಿಬಿಡುವುದು ಮೇಲು ಎಂದು ಗೇಟಿನ ಬಳಿ ತಡೆದೆ. "ಅಮ್ಮಾ, ಇವತ್ತು ಅವಳು ಆಡ್ತಾಳೋ ಇಲ್ವೋ, ಅದು ಮೇಷ್ಟ್ರು ತೀರ್ಮಾನ…"

"ಲೇ, ಅವಳ ಜರ್ಸಿ ಒಗೆಯೋಳು ಯಾರೋ? ನೀನಾ?" ಎಂದಳು ಅಮ್ಮ. "ಎರಡು ವರ್ಷದಿಂದ ಒಗೀತಾ ಇದ್ದೀನಿ. ಮೊಣಕೈ ಹತ್ರ ಸುಣ್ಣ ಇರ್ತದೆ. ಮಣ್ಣು ಒಂದು ದಿನಾನೂ ಕಂಡಿಲ್ಲ."

"ಮತ್ತೆ ಬೀದಿಗೆಲ್ಲ ಜಿಂಕೆ ಜಿಂಕೆ ಅಂತ…"

"ಓಡಲ್ವಾ ಮತ್ತೆ? ನೀರು ಹಿಡ್ಕೊಂಡು ನಡ್ಕೊಂಡು ಹೋಗ್ತಾಳಾ?"

ಹೋಗಿ ಮೈದಾನದ ಸುತ್ತ ಕಟ್ಟಿದ್ದ ಹಗ್ಗದ ಪಕ್ಕ ಕೂತೆವು. ಅಂಗಳದಲ್ಲಿ ಎಂಟು ಹುಡುಗಿಯರು ಸಾಲಾಗಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಗೆರೆಯ ಆಚೆ ಅಧ್ಯಕ್ಷೆ, ಹನ್ನೆರಡನೇ ನಂಬರು, ಬಾಟಲಿಗಳ ಬುಟ್ಟಿ ಮಡಿಲಲ್ಲಿಟ್ಟುಕೊಂಡು. ನಮ್ಮನ್ನು ಕಂಡದ್ದೇ ತಲೆ ತಗ್ಗಿಸಿಬಿಟ್ಟಳು. ಪಕ್ಕದಲ್ಲಿದ್ದ ಇನ್ನೊಂದು ಶಾಲೆಯ ಹುಡುಗಿಯ ತಾಯಿ, "ನಿಮ್ಮೋಳು ಹೊರಗೆ ಕೂತವಳಲ್ಲ?" ಎಂದಳು.

ಅಮ್ಮ ಕತ್ತು ತಿರುಗಿಸದೆ ಹೇಳಿದಳು. "ಅವರೂ ಕೂತವರೆ, ಇವಳೂ ಕೂತವಳೆ. ಗೆರೆ ಆ ಕಡೆ ಈ ಕಡೆ, ಅಷ್ಟೇ. ಆ ಗೆರೆ ಹಾಕ್ದೋಳೂ ಇವಳೇ!"

ಮೊದಲ ಸರದಿ ಮುಗಿದು ಮೇಷ್ಟ್ರು ಪೀಪಿ ಊದಿದರು. ಅಧ್ಯಕ್ಷೆ ಎದ್ದಳು. ಒಂದು ಕ್ಷಣ ನಮ್ಮ ಕಡೆ ನೋಡಿ, ಮುಖ ಆಚೆ ತಿರುಗಿಸಿ, ಬುಟ್ಟಿ ಎತ್ತಿಕೊಂಡು ಓಡಿದಳು.

ಆಗ ನನ್ನ ಬಲಗಿವಿಯ ಪಕ್ಕ ಒಂದು ಸಿಳ್ಳೆ! ಅಂಥ ಸಿಳ್ಳೆ ನಾನು ಥಿಯೇಟರಿನಲ್ಲೂ ಕೇಳಿಲ್ಲ. ಮೈದಾನದ ನಾಯಿ ಎದ್ದು ನಿಂತಿತು, ಮೇಷ್ಟ್ರು ತಮ್ಮ ಪೀಪಿಯನ್ನೇ ತೆಗೆದು ನೋಡಿಕೊಂಡರು. ತಿರುಗಿದರೆ, ಇಸ್ತ್ರಿ ಸೀರೆಯ ನಮ್ಮಮ್ಮ ಎರಡು ಬೆರಳು ಬಾಯಿಗಿಟ್ಟು ನಿಂತಿದ್ದಾಳೆ! ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಹುಡುಗಿಯಾಗಿದ್ದಾಗ ಗಿಳಿ ಓಡಿಸಲು ಕಲಿತದ್ದಂತೆ. ಮದುವೆಯಾದ ಮೇಲೆ ಇದೇ ಮೊದಲಂತೆ. ಹಾವಿನ ಕಥೆ ನಮಗೆ ಹೇಳಿದವಳು!

ಅಂಗಳದ ನಡುವೆ ಅಧ್ಯಕ್ಷೆ ಗಕ್ಕನೆ ನಿಂತಳು. ನಮ್ಮ ಕಡೆ ತಿರುಗಿದಳು. ಟೊಮೆಟೊ ಹಾರ ಹಿಡಿದ ತನ್ನ ಅಮ್ಮನನ್ನೂ, ಎರಡನೇ ಸಿಳ್ಳೆಗೆ ಉಸಿರೆಳೆದುಕೊಳ್ಳುತ್ತಿದ್ದ ಅಜ್ಜಿಯನ್ನೂ ನೋಡಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ದೂರಕ್ಕೆ ತಿಳಿಯಲಿಲ್ಲ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಮತ್ತೆ ಓಡಿದಳು ನೋಡಿ, ಜಿಂಕೆಯಂತೆಯೇ.

ಪಂದ್ಯ ಯಾರು ಗೆದ್ದರೆಂದು ನನ್ನನ್ನು ಕೇಳಬೇಡಿ, ನಾವು ಅದನ್ನು ನೋಡಲಿಲ್ಲ. ಒಂದನ್ನು ಮಾತ್ರ ಕಣ್ಣಾರೆ ನೋಡಿದೆ. ಬುಟ್ಟಿಯಲ್ಲಿ ಮುಚ್ಚಳವಿಲ್ಲದ ಒಂದು ಬಾಟಲಿಯಿತ್ತು. ಅವಳು ಓಡಿದ ದಾರಿಯುದ್ದಕ್ಕೂ, ಅವಳೇ ಎಳೆದ ಸುಣ್ಣದ ಗೆರೆಯ ಮೇಲೂ, ನೀರು ಚೆಲ್ಲಿತ್ತು.