ನಮ್ಮಪ್ಪ ಹೊಲಿದ ಉದ್ದ ಬೂಟುಗಳು

ಬೂಟು ಹೊಲಿಯುವವರ ಮನೆಯಲ್ಲಿ ಹುಟ್ಟಿದರೆ ಜನರ ಮುಖಕ್ಕಿಂತ ಮೊದಲು ಅವರ ಕಾಲಿನ ಪರಿಚಯವಾಗುತ್ತದೆ. ಆ ಕಾಲುಗಳು ಒಂದಲ್ಲ ಒಂದು ಪೇಚನ್ನು ಬಾಗಿಲಿಗೆ ತರುತ್ತಲೇ ಇರುತ್ತವೆ. ಮಸ್ಕಿಯ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಅಂಗಡಿ. ತಾತ ಚಪ್ಪಲಿ ಹೊಲಿಯುತ್ತಿದ್ದ. ಎಂಬತ್ತರ ದಶಕದಲ್ಲಿ ಅಪ್ಪ ಮೊಣಕಾಲುದ್ದದ ಬೂಟಿಗೆ ಕೈ ಹಾಕಿದ. ಅವ್ವ ಮಷೀನಿನ ಮೇಲೆ ತೊಗಲು ಹೊಲಿದು ಕೊಟ್ಟರೆ ಅಪ್ಪ ತಳಕ್ಕೆ ಅಟ್ಟೆ ಕೂಡಿಸುತ್ತಿದ್ದ. ಈಗ ನೆನೆದರೆ ನಗು ಬರುತ್ತದೆ. ಆಗ ನಮ್ಮಲ್ಲಿ ಯಾರೂ ನಕ್ಕಿರಲಿಲ್ಲ.

೧. ಖಳನಾಯಕನ ಕಾಲು

ಮೊದಲ ಜೋಡಿ ಕೇಳಿದ್ದು ಸಿಂಧನೂರಿಗೆ ಬಂದಿದ್ದ ನಾಟಕ ಕಂಪನಿಯ ಖಳನಾಯಕ. ಕುದುರೆ ಸವಾರರು ಹಾಕುವಂಥದ್ದು, ಹಿಮ್ಮಡಿ ಎತ್ತರ, ತುದಿ ಚೂಪು ಎಂದು ಕ್ಯಾಲೆಂಡರಿನ ಚಿತ್ರವೊಂದನ್ನು ತೋರಿಸಿದ. ಅಂಥ ಬೂಟನ್ನು ಅಪ್ಪ ಕಣ್ಣಿಂದಲೂ ನೋಡಿರಲಿಲ್ಲ. ಕೆಟ್ಟರೆ ಅಂಗಡಿಯ ಹೆಸರು ಹೋಗುತ್ತದೆ, ಬೇಡ ಅನ್ನು ಎಂದ ತಾತ. ಅಪ್ಪ ಕೇಳಲಿಲ್ಲ. ಸ್ಟೇಜಿನ ಮೇಲೆ ಕಳಚಿ ಬಿದ್ದೀತೆಂಬ ಹೆದರಿಕೆಗೆ ಬಿಗಿಯಾಗಿ ಹೊಲಿದ.

ನಾಟಕದ ಮರುದಿನ ಬೆಳಿಗ್ಗೆ ಖಳನಾಯಕ ಅಂಗಡಿಗೆ ಬಂದ. ಮೇಲೆ ಬನಿಯನ್, ಕೆಳಗೆ ಲುಂಗಿ, ಕಾಲಲ್ಲಿ ಅದೇ ಬೂಟು. ಕಂಪನಿಯವರೆಲ್ಲ ಸೇರಿ ಜಗ್ಗಿದರೂ ಬಂದಿರಲಿಲ್ಲವಂತೆ. ಹಾಗೆಯೇ ಮಲಗಿ, ಹಾಗೆಯೇ ಬಸ್ಸು ಹತ್ತಿದ್ದ. ಅಪ್ಪನ ಮುಖ ಸಣ್ಣದಾಯಿತು. ಹಿಂದಿನ ಹೊಲಿಗೆ ಬಿಚ್ಚುತ್ತಾ ಮೆಲ್ಲಗೆ ಹೇಳಿದ: "ಹಾಕ್ಕೊಳ್ಳೋ ಬೂಟು ಕೇಳಿದ್ರಿ. ಬಿಚ್ಚೋದೂ ಇರತೈತಿ ಅಂತ ನನಗ ಹೊಳೀಲಿಲ್ರೀ."

೨. ಗದ್ದೆಯಲ್ಲಿ ಉಳಿದದ್ದು

ಅಲ್ಲಿಂದ ಅಪ್ಪ ಬೂಟಿನ ಬಾಯಿ ಅಗಲ ಇಡುವುದನ್ನು ಕಲಿತ. ಒಮ್ಮೆ ಬಳಗಾನೂರು ಕಡೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನಿಂದ ರೈತನೊಬ್ಬ ಬಂದ. ಬದುವಿನ ಮೇಲೆ ಹಾವು ಕಚ್ಚಿ ಅವನ ತಮ್ಮ ತೀರಿಕೊಂಡಿದ್ದ. ಕಾಲಲ್ಲಿ ಬೂಟಿದ್ದಿದ್ದರೆ ಉಳಿಯುತ್ತಿದ್ದ ಎಂದು ಅದನ್ನೇ ತಿರುತಿರುಗಿ ಹೇಳಿದ. ಅಪ್ಪ ಇದ್ದುದರಲ್ಲಿ ಒಳ್ಳೆಯ ತೊಗಲು ಆರಿಸಿದ.

ನಾಟಿಯ ಹೊತ್ತಿಗೆ ಅವನು ಬರಿಗಾಲಲ್ಲಿ ಬಂದು ನಿಂತ. ಬದುವಿಗೆಂದು ಹೊಲಿಸಿದ್ದನ್ನು ಹಾಕಿಕೊಂಡು ಕೆಸರಿಗೇ ಇಳಿದಿದ್ದ. ಕಾಲು ಎತ್ತಿದಾಗ ಕಾಲಷ್ಟೇ ಮೇಲೆ ಬಂತು. ಅಪ್ಪನೇ ಅವನ ಜೊತೆ ಹೋಗಿ ಕೆಸರಿನಲ್ಲಿ ತಡಕಾಡಿ ಬೂಟು ಹೊರಗೆಳೆದ. ಬದುವಿನ ಮೇಲೆ ಕಾಲು ಮಡಚಿ ಕೂತಿದ್ದ ರೈತ ಅಂದ: "ಮೊದಲು ಒಳಗ ನೋಡಣ್ಣಾ. ನಾ ಬರಿಗಾಲಾಗ ಕುಂತೀನಿ, ಹಾವು ಬೂಟಿನಾಗ ಬೆಚ್ಚಗ ಕುಂತಿರಬೇಕು."

೩. ಗೌಡರ ಅಳತೆ

ಇದು ತೊಂಬತ್ತರ ನಂತರದ್ದು. ಸಾಲಗುಂದದ ಆಚೆಯ ಒಬ್ಬ ಗೌಡರಿಗೆ ಉದ್ದ ಬೂಟು ಬೇಕಾಯಿತು. ಆದರೆ ನಮ್ಮವರ ಕೈ ಅವರ ಮೈಗೆ ತಾಗಬಾರದು. ಅಪ್ಪನನ್ನು ಅಂಗಳದಲ್ಲೇ ನಿಲ್ಲಿಸಿ, ತಮ್ಮ ಆಳುಮಗನ ಕಾಲಿನ ಅಳತೆ ತಗೋ ಎಂದರು. ತಾವು ಬಿಟ್ಟ ಚಪ್ಪಲಿ ಅವನಿಗೆ ಆಗುತ್ತದೆ, ಅಂದಮೇಲೆ ಇಬ್ಬರದೂ ಒಂದೇ ಕಾಲು ಎಂಬುದು ಅವರ ಲೆಕ್ಕ. ಅಪ್ಪ ಆಳಿನ ಕಾಲನ್ನೇ ಅಳೆದುಕೊಂಡ. ಆವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ಬೂಟು ಆಳಿಗೆ ಹೊಂದಿತು. ಗೌಡರ ಕಾಲು ಒಳಗೆ ಹೋಗಲೇ ಇಲ್ಲ. ಸಿಟ್ಟಿನಲ್ಲಿ ಅವನಿಗೇ ಕೊಟ್ಟುಬಿಟ್ಟರು.

ಮುಂದೊಂದು ದಿನ ಇಬ್ಬರೂ ಲಿಂಗಸುಗೂರಿನ ಕಚೇರಿಗೆ ಹೊರಟರು. ಸಿಂಧನೂರಿನಲ್ಲಿ ಬಸ್ಸು ತುಂಬಿತ್ತು. ಕಂಡಕ್ಟರು ಕೆಳಗೆ ನೋಡಿದ. ಬೂಟಿನ ಸಾಹೇಬರಿಗೆ ಜಾಗ ಬಿಡ್ರಿ ಎಂದು ಒಬ್ಬರನ್ನು ಎಬ್ಬಿಸಿ ಆಳುಮಗನನ್ನು ಕೂರಿಸಿದ. ಚಪ್ಪಲಿಯ ಗೌಡರು ಕಂಬಿ ಹಿಡಿದು ನಿಂತರು. ಮಸ್ಕಿ ಬಂದದ್ದೇ ಇಳಿದು ನೇರ ನಮ್ಮ ಅಂಗಡಿಗೆ ಬಂದರು.

ಚಪ್ಪಲಿ ಬಿಟ್ಟು ಕೂತು ಕಾಲು ಮುಂದೆ ಚಾಚಿದರು. ಅಪ್ಪ ಅವರ ಮುಖ ನೋಡಿದ, ಕಾಗದ ಹಾಸಿದ, ಹಿಮ್ಮಡಿ ಹಿಡಿದು ಅದರ ಮೇಲಿಟ್ಟ. ಅವ್ವ ಮಷೀನು ನಿಲ್ಲಿಸಿದಳು. ಪೆನ್ಸಿಲ್ಲು ಪಾದದ ಒಳಬದಿಗೆ ಬಂದದ್ದೇ, ನಕ್ಕಿದ್ದನ್ನು ಊರಲ್ಲಿ ಯಾರೂ ಕಂಡಿರದ ಆ ಗೌಡರು ಕಚಗುಳಿ ತಾಳಲಾರದೆ ಕಿಸಕ್ಕನೆ ನಕ್ಕು ಕಾಲು ಜಗ್ಗಿಕೊಂಡರು. ಮತ್ತೆ ಇಟ್ಟರೆ ಮತ್ತೆ ಅದೇ.

ಅಪ್ಪ ತಲೆ ಎತ್ತದೆ ಹೇಳಿದ: "ಗೌಡ್ರ, ಕಾಲು ಅಲುಗಿಸಬ್ಯಾಡ್ರೀ. ಅಳತಿ ತಪ್ಪಿದ್ರ ಈ ಜೋಡೂ ಆಳಿಗೇ ಹೋಕ್ಕಾವ."