ಅಮೀನಸಾಬನ ತಾಳದ ಮಷಿನ್

ಕಮರಿಪೇಟೆಯ ಅಮೀನಸಾಬ ಇಪ್ಪತ್ತೆಂಟು ವರ್ಷಗಳಿಂದ ಊರವರ ಹಾರ್ಮೋನಿಯಂ ಪೇಟಿಗಳನ್ನು ರಿಪೇರಿ ಮಾಡಿಕೊಡುತ್ತಿದ್ದ. ಅವನ ಕೈಯಲ್ಲಿ ದುರಸ್ತಿಯಾದ ಪೇಟಿಗಳೆಲ್ಲ ಸ್ಟೇಜು ಹತ್ತಿದ್ದವು, ಅವನೊಬ್ಬ ಹತ್ತಿರಲಿಲ್ಲ. ಕಾರಣ ಓಣಿಗೆಲ್ಲ ಗೊತ್ತಿತ್ತು, ಅವನಿಗೊಬ್ಬನಿಗೆ ಗೊತ್ತಿರಲಿಲ್ಲ. ಅವನ ಸ್ವರ ಸಕ್ಕರೆ, ತಾಳ ಮಾತ್ರ ಕುಂಟು ಎತ್ತು. ಜೊತೆಗೆ ಕೂತ ತಬಲಾದವರು ಒಂದೇ ದಿನಕ್ಕೆ ಎದ್ದು ಹೋಗುತ್ತಿದ್ದರು.

ಹೀಗಾಗಿ ಅವನು ಲೂಪರ್ ಕೊಂಡ. ಅದು ಕಾಲಲ್ಲಿ ಒತ್ತುವ ಡಬ್ಬಿ. ಒಮ್ಮೆ ಒತ್ತಿದರೆ ನುಡಿಸಿದ್ದನ್ನು ನುಂಗುತ್ತದೆ, ಮತ್ತೊಮ್ಮೆ ಒತ್ತಿದರೆ ಅದನ್ನೇ ತಿರುತಿರುಗಿ ಹೇಳುತ್ತದೆ. ಅದರ ಮೇಲೆ ಒಬ್ಬನೇ ನಾಲ್ಕು ಜನರಂತೆ ನುಡಿಸಬಹುದು. ಲೂಪರ್‌ನವರ ವಾಟ್ಸಾಪ್ ಗ್ರೂಪಿಗೂ ಸೇರಿದ. ಒಂದು ದಿನ ಬೆಳಿಗ್ಗೆ ಅಡ್ಮಿನ್ ಯಜ್ಞೇಶ್ವರ ಬರೆದ: "ಸಂಜಿ ಏಳಕ್ಕ ವಿದ್ಯಾನಗರದಾಗ ನಮ್ಮ ಕಾರ್ಯಕ್ರಮ. ಒಬ್ಬರಿಗೆ ಜಾಗಾ ಅದ. ಐದರೊಳಗ ಕ್ಲಿಪ್ ಕಳಸ್ರಿ."

ಅಮೀನಸಾಬನಿಗೆ ಐವತ್ತೈದು ದಾಟಿತ್ತು. ಇದು ತಪ್ಪಿದರೆ ಮತ್ತೊಂದು ಅವಕಾಶ ಎಲ್ಲಿಂದ ಬರಬೇಕು?

ಮೊದಲ ಕ್ಲಿಪ್ ಕೇಳಿ ಗ್ರೂಪಿನವರು ಕೇಬಲ್ ಕೆಟ್ಟಿದೆ ಎಂದರು. ಕೇಬಲ್ ಬದಲಿಸಿದ. ಎರಡನೆಯದಕ್ಕೆ ಅಡಾಪ್ಟರ್ ಸರಿಯಿಲ್ಲ ಎಂದರು. ಮೂರನೆಯದಕ್ಕೆ, ಡಬ್ಬಿ ನೆಲದ ಮೇಲೆ ಅದುರುತ್ತದೆ, ದಿಂಬಿನ ಮೇಲಿಡಿ ಎಂದರು. ಬರಿಗಾಲಲ್ಲಿ ಒತ್ತಬೇಕೋ ಚಪ್ಪಲಿ ಹಾಕಿಯೋ ಎಂದು ತೊಂಬತ್ತಮೂರು ಮೆಸೇಜು ಬಿದ್ದವು. ಆ ಗ್ರೂಪಿನಲ್ಲಿ ಮನುಷ್ಯ ತಪ್ಪು ಮಾಡುವುದೇ ಇಲ್ಲ, ತಪ್ಪೆಲ್ಲ ಸಾಮಾನಿನದು.

ಪಕ್ಕದ ಮನೆಯ ದಾಕ್ಷಾಯಿಣಿ ಇಣುಕಿದಳು. "ಕಾಕಾ, ದಿಂಬ್ಯಾಕ ತುಳ್ಯಾಕತ್ತೀರಿ?"

"ಇದು ಸಂಗೀತ ಐತಿ. ನಿಂಗ ತಿಳಿಯೂದಿಲ್ಲ."

ನಾಲ್ಕೂಮುಕ್ಕಾಲಿಗೆ ಕಣ್ಣು ಮುಚ್ಚಿ ಕೊನೆಯ ಕ್ಲಿಪ್ ನುಡಿಸಿದ. ಕೇಳುವ ಧೈರ್ಯವಿಲ್ಲದೆ ಹಾಗೆಯೇ ಕಳಿಸಿಬಿಟ್ಟ.

ಗ್ರೂಪಿನಲ್ಲಿ ಗದ್ದಲವೆದ್ದಿತು. ತಾಳ ಇಷ್ಟು ಗಟ್ಟಿಯಾಗಿ ಕೊಡುವ ಮಷಿನ್ ಯಾವುದು? ಒಬ್ಬ ಜಪಾನಿನದೆಂದ, ಒಬ್ಬ ಜರ್ಮನಿಯದೆಂದ. ಅಮೀನಸಾಬ ಬೆಪ್ಪಾಗಿ ಕ್ಲಿಪ್ ಹಚ್ಚಿದ. ಪೇಟಿಯ ಹಿಂದೆ ಟಪ್ ಟಪ್ ಎಂದು ಏನೋ ಹದವಾಗಿ ಬೀಳುತ್ತಿತ್ತು.

"ಮಷಿನ್ ಎಲ್ಲಿದು ಕಾಕಾ? ಇದು ಕಾಕಿ ರೊಟ್ಟಿ ಬಡಿಯೂ ಸಪ್ಪಳ," ಎಂದಳು ದಾಕ್ಷಾಯಿಣಿ.

ನಾಲ್ಕೂವರೆಗೆ ಅಡುಗೆಮನೆಯಲ್ಲಿ ರೊಟ್ಟಿಗೆ ಕೂತಿದ್ದ ಹೆಂಡತಿ ಗುಲ್ಜಾರಬಿ ತಲೆಯೆತ್ತದೆಯೇ ಹೇಳಿದಳು, "ನಿಮ್ಮ ಪೇಟಿ ಕೇಳಕೋತ ಬಡ್ಯೂದು ನನಗ ರೂಢಿ ಆಗೇತ್ರಿ. ನೀವು ಎಲ್ಲಿ ಜಾರತೀರಿ ಅಂತ ಗೊತ್ತೈತಿ. ಅಲ್ಲಿ ಒಂದ್ ಪೆಟ್ಟು ತಡದು ಬಡೀತೇನಿ."

ಅಮೀನಸಾಬನಿಗೆ ತನ್ನ ತಾಳದ ಸುದ್ದಿ ಮೊದಲ ಸಲ ತಿಳಿಯಿತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಗೋಡೆಯಾಚೆ ಕೂತು ತನ್ನನ್ನು ಕಾಯ್ದ ಇವಳ ಮೇಲೆ ಪ್ರೀತಿ ಉಕ್ಕಿತು.

ಅಷ್ಟರಲ್ಲಿ ಯಜ್ಞೇಶ್ವರನ ಫೋನು. "ಸಾಹೇಬ್ರ, ಯಾವ ಮಷಿನ್ರಿ ಅದು?"

ಜಪಾನಿ ಹೆಸರೊಂದು ನಾಲಿಗೆಯ ತುದಿಗೆ ಬಂತು. ಎದುರಿಗೆ ಹಿಟ್ಟು ಮೆತ್ತಿದ ಕೈಗಳಿದ್ದವು. ಸುಳ್ಳು ಹೊರಡಲಿಲ್ಲ.

"ಮಷಿನ್ ಅಲ್ರಿ. ನಮ್ಮ ಮನ್ಯಾಕಿ ರೊಟ್ಟಿ ಬಡ್ಯಾಕತ್ತಿದ್ಲು."

ಯಜ್ಞೇಶ್ವರ ತಡಮಾಡಲಿಲ್ಲ. "ಹಂಗಾರ ಅವರನ್ನ ಕಳಸ್ರಿ. ಪೇಟಿಯವರು ನಮ್ಮಲ್ಲಿ ನಾಲ್ಕ ಮಂದಿ ಅದಾರ."

ಗುಲ್ಜಾರಬಿ ಫೋನು ಕಸಿದುಕೊಂಡಳು. "ಇವರು ಬಾಜೂಕ ಕೂತ್ರನ ನಾ ಬರಾಕಿ. ಇಲ್ಲಾಂದ್ರ ಇಲ್ಲ."

"ಕೂಡ್ಲಿ ಬಿಡ್ರಿ ತಾಯಿ."

ಏಳಕ್ಕೆ ಪರದೆ ಸರಿಯಿತು. ಎದುರಿಗೆ ಇನ್ನೂರು ಜನ. ರೊಟ್ಟಿಯನ್ನು ಕಲ್ಲಿನ ಮೇಲೆ ಬಡಿದರೆ ಛಲೋ ಸದ್ದೋ, ಮರದ ಹಲಗೆಯ ಮೇಲೋ ಎಂದು ಮುಂದಿನ ಸಾಲಿನಲ್ಲಿ ಗ್ರೂಪಿನವರು ಆಗಲೇ ವಾದಕ್ಕೆ ಬಿದ್ದಿದ್ದರು. ಅಮೀನಸಾಬ ಹೊಸ ಟೊಪ್ಪಿಗೆ ಹಾಕಿಕೊಂಡು, ರೊಟ್ಟಿ ಬಡಿಯಲು ಅಣಿಯಾಗಿ ಕೂತ ಹೆಂಡತಿಯ ಪಕ್ಕದಲ್ಲಿ ನೆಟ್ಟಗೆ ಕೂತಿದ್ದ. ಯಜ್ಞೇಶ್ವರ ಮೈಕಿನಲ್ಲಿ ಕಲಾವಿದರನ್ನು ಪರಿಚಯಿಸಿದ.

"ತಾಳ, ಶ್ರೀಮತಿ ಗುಲ್ಜಾರಬಿ. ಹಿಟ್ಟು, ಶ್ರೀ ಅಮೀನಸಾಬ."

ಚಪ್ಪಾಳೆ ಬಿತ್ತು. ಅಮೀನಸಾಬ ಹಿಟ್ಟಿನ ಬುಟ್ಟಿಯನ್ನು ಕೆಳಗಿಟ್ಟು, ಎದ್ದು ನಿಂತು, ಸಭೆಗೆ ಸಲಾಮು ಮಾಡಿದ.