ಡೋರ್ಟೆ ಬಲಕ್ಕೆ ಕಾಲು ಬದಲಿಸಿದ ಮಧ್ಯಾಹ್ನ

ಐಲರ್ಟನ ಕಷ್ಟಕ್ಕೆಲ್ಲ ಕಾರಣ ಒಂದು ಕಿಟಕಿ. ಫೆರ್ಡೆನ್ ಪಟ್ಟಣದ ಪಕ್ಕದ ಒಂದು ಹಳ್ಳಿಯ ಕುದುರೆ ಸವಾರಿ ಸಂಘದವರು, ಸವಾರಿ ಕಲಿಯುವ ಸೂರಿನಡಿಯ ಅಂಕಣದ ಗೋಡೆಗೆ ಎತ್ತರದಲ್ಲಿ ದಪ್ಪ ಗಾಜು ಕೂರಿಸಿ, ಅದರ ಹಿಂದೆ ಕಾಫಿ ಕೋಣೆ ಕಟ್ಟಿಕೊಂಡಿದ್ದರು. ಕುದುರೆಯಿಂದ ಇಳಿದವರೆಲ್ಲ ಅಲ್ಲಿ ಬೆಣ್ಣೆ ಕೇಕು ತಿನ್ನುತ್ತ, ಇನ್ನೂ ಇಳಿಯದವರ ತಪ್ಪು ಹುಡುಕುತ್ತಿದ್ದರು.

ಭಾನುವಾರದ ಪಂದ್ಯಕ್ಕೆ ತಂಡದಲ್ಲಿ ಒಂದು ಜಾಗ ಬಾಕಿಯಿತ್ತು. ಕನ್ನಡಕದಂಗಡಿಯ ಐಲರ್ಟ್ ತಂಡದ ಹಸಿರು ಕೋಟನ್ನು ಒಮ್ಮೆಯೂ ತೊಟ್ಟವನಲ್ಲ. ತೊಡಬೇಕಿದ್ದರೆ ಅವನ ಹೆಣ್ಣುಕುದುರೆ ಡೋರ್ಟೆ ಇಂದು ಓಟದ ನಡುವೆಯೇ ಕಾಲು ಬದಲಿಸಿ ತೋರಿಸಬೇಕು. ಎಡ ತಿರುವಿಗೆ ಎಡಗಾಲು ಮುಂದು, ಬಲ ತಿರುವಿಗೆ ಬಲಗಾಲು. ಬದಲಾವಣೆ ನಾಲ್ಕೂ ಕಾಲು ಗಾಳಿಯಲ್ಲಿರುವ ಕ್ಷಣದಲ್ಲೇ ಆಗಬೇಕು. ಎಡಕ್ಕೆ ಡೋರ್ಟೆಗೆ ಕಷ್ಟವಿರಲಿಲ್ಲ. ಬಲಕ್ಕೆ ಮಾತ್ರ ಮುಂಗಾಲು ಬದಲಿಸಿ, ಹಿಂಗಾಲು ಮರೆತು, ಕಾಲು ಸಡಿಲಾದ ಮೇಜಿನಂತೆ ಕುಲುಕಾಡುತ್ತಿದ್ದಳು.

"ನಿನ್ನ ಭಾರ ಎಲ್ಲಾ ಎಡಕ್ಕೆ ಸುರೀತಿದೆ ಕಣೋ!" ತರಬೇತಿ ಕೊಡುವ ಗೇಜಾ ಕೂಗಿದಳು. "ನೀನು ನೆಟ್ಟಗೆ ಕೂತ್ರೆ ತಾನೇ ಅವಳು ನೆಟ್ಟಗಿರೋದು?"

ಬಲಕ್ಕೆ ಬದಲಿಸುವ ಜಾಗದಲ್ಲಿ ಕಿಟಕಿ ಸರಿಯಾಗಿ ಅವನ ಎಡಕ್ಕೆ ಬರುತ್ತಿತ್ತು. ಅಲ್ಲಿ ತಂಡ ಆರಿಸುವ ಮುದುಕ ಹಿನ್ನೆರ್ಕ್, ಲಗಾಮು ಹಿಡಿದ ಕೈ ಮೇಲೆತ್ತು ಎಂದು ಫೋರ್ಕು ಎತ್ತಿ ತೋರಿಸಿದ. ಐಲರ್ಟ್ ತಿರುಗಿ ನೋಡಿ ಕೈ ಎತ್ತಿದ. ಡೋರ್ಟೆ ತಲೆ ಎತ್ತಿದಳು. ಮುಂದಿನ ಸುತ್ತಿಗೆ ವೀಬ್ಕೆ, ಹೋದ ವರ್ಷ ತಂಡದಲ್ಲಿದ್ದವಳು, ಕಾಫಿ ಜಗ್ಗು ಹಿಡಿದೇ ಸೊಂಟ ತಿರುಗಿಸಿ ತೋರಿಸಿದಳು. ಐಲರ್ಟನೂ ತಿರುಗಿಸಿದ. ಕಾಲೂರುವ ರಿಕಾಪು ಜಾರಿತು. ಡೋರ್ಟೆಯ ಕತ್ತು ತಬ್ಬಿಕೊಂಡು ಹೇಗೋ ಉಳಿದುಕೊಂಡ. ಗಾಜಿನ ಹಿಂದೆ ನಗುವ ಬಾಯಿಗಳು ಕಂಡವು, ಸದ್ದು ಕೇಳಲಿಲ್ಲ.

"ಅವರನ್ಯಾಕೋ ನೋಡ್ತೀಯ?"

"ಅಭ್ಯಾಸ ಗೇಜಾ. ಅಂಗಡೀಲಿ ದಿನವಿಡೀ ಜನರ ಮುಖ ನೋಡೋನಲ್ವಾ ನಾನು."

"ತಡಿ, ಆ ಕಿಟಕಿಗೆ ಪರದೆ ಎಳ್ದು ಬರ್ತೀನಿ," ಎಂದು ಗೇಜಾ ಮೆಟ್ಟಿಲು ಹತ್ತಿದಳು.

ಪರದೆ ಬಿತ್ತು. ಗೇಜಾ ಬರಲಿಲ್ಲ. ಐಲರ್ಟ್ ಸುಮ್ಮನಿರಲಾರದೆ ಒಂದು ಸುತ್ತು ಹೊರಟ. ನೋಡಲು ಡೋರ್ಟೆಯ ಎರಡು ಕಿವಿಗಳ ಹೊರತು ಬೇರೇನೂ ಇರಲಿಲ್ಲ. ಓಟವನ್ನು ತುಸು ತಗ್ಗಿಸಿದ, ಉಸಿರು ಬಿಟ್ಟ, ತನ್ನ ಎಡಗಾಲನ್ನು ಚೂರು ಹಿಂದಿಟ್ಟ. ತೊಟ್ಟಿಲ ಮಗು ಮಗ್ಗುಲು ಬದಲಿಸಿದಷ್ಟು ಸಲೀಸಾಗಿ ಡೋರ್ಟೆ ಬಲಕ್ಕೆ ಬದಲಿಸಿದಳು. ಹಿಂಗಾಲೂ ಸೇರಿ! ಮತ್ತೆ ಮಾಡಿದ. ಮತ್ತೆ ಬದಲಿಸಿದಳು.

ಅವಳನ್ನು ಗೂಟಕ್ಕೆ ಕಟ್ಟಿ, ಹೆಲ್ಮೆಟ್ಟು ತೆಗೆಯದೆ ಮೇಲಕ್ಕೆ ಓಡಿದ. "ಬದಲಿಸಿದ್ಳು! ಬಲಕ್ಕೂ!"

"ಒಳ್ಳೇದಾಯ್ತಪ್ಪ," ಹಿನ್ನೆರ್ಕ್ ಮೀಸೆ ಒರೆಸಿಕೊಂಡ. "ಪರದೆ ಬಿದ್ಮೇಲೆ ನೋಡೋಕೇನೂ ಇರ್ಲಿಲ್ಲ. ಸುಮ್ನೆ ಕೂರೋ ಬದಲು ಆಯ್ಕೆ ಮುಗಿಸಿಬಿಟ್ವಿ."

"ಯಾರು?"

ವೀಬ್ಕೆ ಅವನಿಗೊಂದು ಲೋಟ ಕಾಫಿ ಬಗ್ಗಿಸಿದಳು. "ನಾನೇ. ಕಣ್ಣೆದುರಿಗೆ ಇದ್ದೋಳು ನಾನೊಬ್ಳೇ."

"ಗೇಜಾ, ನೀನಾದ್ರೂ ಹೇಳ್ಬಾರ್ದಿತ್ತಾ?"

ಗೇಜಾಳ ಬಾಯಿ ತುಂಬ ಕೇಕು. ನುಂಗಿ, "ನಾನೂ ಪರದೆ ಈಚೆಗೇ ಇದ್ನಲ್ಲೋ," ಎಂದಳು.

"ಈಗ್ಲೇ ಮತ್ತೆ ತೋರಿಸ್ತೀನಿ!"

"ತೋರಿಸ್ತೀಯ ಮಾರಾಯ, ನಂಬ್ತೀನಿ," ಎಂದ ಹಿನ್ನೆರ್ಕ್. "ಆದ್ರೆ ಭಾನುವಾರ ಇಡೀ ಮೈದಾನಕ್ಕೆ ಪರದೆ ಕಟ್ಟೋರ್ಯಾರು?"

ಐಲರ್ಟ್ ಕಾಫಿ ಕುಡಿದ. ಕೆಳಗಿನಿಂದ ಡೋರ್ಟೆ ಕೆನೆದದ್ದು ಕೇಳಿಸಿತು. ಅವನ ಮುಖ ಮೆಲ್ಲಗೆ ಅರಳಿತು.

"ಗೇಜಾ, ನಾಳೆ ಒಂದೇ ಒಂದು ಗೇಣು ಪರದೆ ತೆಗೆದು ನೋಡೋಣ್ವಾ?"